ಆ್ಯಂಟಿಬಯಾಟಿಕ್ ಮುಗಿಯಿತು, ಮಗಳ ಹೊಟ್ಟೆ ಸರಿಯಾಗಲು ಎಂತ ಕೊಡುವುದು?

ಕೇಳಿದ್ದು, ಉಡುಪಿಯಿಂದ:
ಮಗಳಿಗೆ ಆರು ವರ್ಷ. ಈ ಮಳೆಗಾಲ ಪೂರ್ತಿ ಗಂಟಲು ನೋವು, ಕಿವಿ ನೋವು, ಒಂದಲ್ಲ ಒಂದು. ಡಾಕ್ಟರು ಕೊಟ್ಟ ಆ್ಯಂಟಿಬಯಾಟಿಕ್ ಮುಗಿದಿದೆ, ಜ್ವರ ಇಲ್ಲ. ಆದರೆ ಹೊಟ್ಟೆ ಸರಿ ಇಲ್ಲ, ಊಟ ಸೇರುವುದಿಲ್ಲ. ಮನೆಯಲ್ಲಿ ಒಬ್ಬರು ಪ್ರೊಬಯಾಟಿಕ್ ಪುಡಿ (ಜೀವಂತ ಒಳ್ಳೆಯ ಬ್ಯಾಕ್ಟೀರಿಯಾ ಇರುವ ಪುಡಿ) ತನ್ನಿ ಅಂತಾರೆ, ಇನ್ನೊಬ್ಬರು ಇಮ್ಯುನಿಟಿ ಸಿರಪ್. ನಿಮ್ಮ ಮಕ್ಕಳಿಗೆ ಯಾವುದು ಹಿಡಿಸಿತು, ಹೇಳಿ.

ಸುರತ್ಕಲ್‌ನಿಂದ:
ಸಿರಪ್ ಬಿಡಿ ಅಕ್ಕಾ. ನನ್ನ ಮಗನಿಗೂ ಹೀಗೇ ಆಗಿತ್ತು, ನಾವು ಗಂಜಿಯಿಂದಲೇ ಶುರು ಮಾಡಿದ್ದು. ಕುಚ್ಚಲಕ್ಕಿ ಗಂಜಿ ಚೆನ್ನಾಗಿ ಬೇಯಿಸಿ, ಆರಿದ ಮೇಲೆ ಮನೆಯ ಮೊಸರು, ಚಿಟಿಕೆ ಉಪ್ಪು. ಕುದಿಯುವ ಗಂಜಿಗೆ ಮೊಸರು ಹಾಕಬೇಡಿ, ಅದರಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾ ಸತ್ತೇ ಹೋಗುತ್ತವೆ. ಮಳೆಗಾಲದಲ್ಲಿ ಹೆಪ್ಪು ಬೇಗ ಹಿಡಿಯುವುದಿಲ್ಲ ಅಲ್ವಾ, ನಾನು ಹಾಲು ಬೆರಳಿಗೆ ಹಿತವಾಗುವಷ್ಟು ಬಿಸಿ ಇರುವಾಗಲೇ ಹೆಪ್ಪು ಹಾಕಿ, ಪಾತ್ರೆಗೆ ಬೈರಾಸು ಸುತ್ತಿ ಒಲೆಯ ಹತ್ತಿರ ಇಡುತ್ತೇನೆ.

ಹೊಟ್ಟೆ ಸ್ವಲ್ಪ ಹಿಡಿತಕ್ಕೆ ಬಂದ ಮೇಲೆ ಹೆಸರುಕಾಳು, ಬಸಳೆ, ಹರಿವೆ, ಬಾಳೆದಿಂಡಿನ ಪಲ್ಯ, ಒಂದೊಂದೇ ಸೇರಿಸುತ್ತಾ ಹೋದೆವು. ಇದರಲ್ಲಿರುವ ನಾರು ನಮ್ಮ ಹೊಟ್ಟೆಯಲ್ಲಿ ಅರಗುವುದಿಲ್ಲ, ಅದು ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳ ಊಟ. ಅವು ಅದನ್ನು ತಿಂದು ಬ್ಯುಟಿರೇಟ್ ಎಂಬ ಆಮ್ಲ ಬಿಡುತ್ತವೆ, ದೊಡ್ಡ ಕರುಳಿನ ಒಳಗೋಡೆಯ ಜೀವಕೋಶಗಳಿಗೆ ಮುಖ್ಯ ಇಂಧನ ಅದೇ. ಆ ಗೋಡೆಯ ಹಿಂದೆಯೇ ರೋಗನಿರೋಧಕ ಕಣಗಳು ದೊಡ್ಡ ಸಂಖ್ಯೆಯಲ್ಲಿ ಇರುವುದು. ಸುಮ್ನೆ ಎಲ್ಲದರ ಮೇಲೂ ಏರಿ ಹೋಗದ ಹಾಗೆ ಅವುಗಳನ್ನು ತಡೆದು ಹಿಡಿಯುವ ಟಿ ಕಣಗಳೂ ಉಂಟು, ಬ್ಯುಟಿರೇಟ್ ಇದ್ದರೆ ಅಂಥವು ಜಾಸ್ತಿ ಆಗುತ್ತವೆ ಎಂದು 2013ರಲ್ಲಿ ಇಲಿಗಳಲ್ಲಿ ಕಂಡುಕೊಂಡಿದ್ದಾರೆ. ನಾರೇ ಸಿಗದಿದ್ದರೆ ಕೆಲವು ಬ್ಯಾಕ್ಟೀರಿಯಾ ಕರುಳಿಗೆ ಕಾವಲಾಗಿರುವ ಲೋಳೆಪದರವನ್ನೇ ತಿನ್ನಲು ಶುರು ಮಾಡುತ್ತವೆ, ಇದೂ ಇಲಿಗಳಲ್ಲೇ ಕಂಡದ್ದು. ಬರೀ ಬಿಸ್ಕೆಟ್, ಬ್ರೆಡ್, ಬಿಳಿ ಅನ್ನದಲ್ಲೇ ಮಕ್ಕಳನ್ನು ಬೆಳೆಸಬೇಡಿ ಎಂದು ನಾನು ಹೇಳುವುದು ಇದಕ್ಕೇ.

ಮಲ್ಪೆಯಿಂದ:
ಇಡ್ಲಿ ಕೊಡಿ, ಹೊಟ್ಟೆಗೆ ಹಗುರ. ಆದರೆ ಹಿಟ್ಟು ಹುಳಿ ಬರಿಸಿದ ಬ್ಯಾಕ್ಟೀರಿಯಾ ಹಬೆಯಲ್ಲಿ ಉಳಿಯುವುದಿಲ್ಲ, ಹಾಗಾಗಿ ಇಡ್ಲಿ ತಿಂದರೆ ಪ್ರೊಬಯಾಟಿಕ್ ಆಯಿತು ಅಂತ ಲೆಕ್ಕ ಹಾಕಬೇಡಿ. ಜೀವ ಇರುವುದು ಬೇಕಾದರೆ ಮಜ್ಜಿಗೆ, ಇಲ್ಲವೇ ಒಂದೆಲಗದ ತಂಬುಳಿ. ನಮ್ಮ ಮಕ್ಕಳಿಗೆ ತಂಬುಳಿಗೆ ಮೆಣಸು ಹಾಕದೆ, ಕಾಯಿ ಸ್ವಲ್ಪ ಜಾಸ್ತಿ ಹಾಕಿ ಕೊಟ್ಟರೆ ಬಟ್ಟಲು ಖಾಲಿ.

ತಂಗಳನ್ನ ಒಳ್ಳೆಯದು ಅಂತ ಯಾರಾದರೂ ಹೇಳಬಹುದು. ಬೆಂದ ಅನ್ನ ತಣಿದಾಗ ಅದರ ಸ್ವಲ್ಪ ಪಿಷ್ಟ ಗಟ್ಟಿಯಾಗಿ ಬ್ಯಾಕ್ಟೀರಿಯಾಗಳಿಗೆ ನಾರಿನ ಹಾಗೆಯೇ ಸಿಗುತ್ತದೆ, ಅದು ನಿಜ. ಆದರೆ ಹೊರಗೆ ಇಟ್ಟ ಅನ್ನದಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಇನ್ನೊಂದು ಜಾತಿ ಬೆಳೆಯಬಹುದು, ಅದರ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ನಮ್ಮೂರಿನ ಸೆಖೆಗೆ, ಅದೂ ಹೊಟ್ಟೆ ಕೆಟ್ಟ ಮಗುವಿಗೆ, ಈಗ ಬೇಡ.

ಮಣಿಪಾಲದಿಂದ:
ಪುಡಿಯ ವಿಷಯ ಯಾರೂ ಹೇಳಲಿಲ್ಲ. ಆ್ಯಂಟಿಬಯಾಟಿಕ್‌ನಿಂದ ಆಗುವ ಭೇದಿ ತಡೆಯಲು ಡಾಕ್ಟರೇ ಕೊಟ್ಟರೆ ಕೊಡಿ, ಅದಕ್ಕೆ ಆಧಾರ ಉಂಟು. ಕೋರ್ಸ್ ಮುಗಿದ ಮೇಲೆ ನೀವಾಗಿಯೇ ತರುವುದು ಬೇರೆ ಮಾತು. 2018ರಲ್ಲಿ ಇಸ್ರೇಲ್‌ನ ವೈಜ್‌ಮನ್ ಸಂಸ್ಥೆಯವರು ಆ್ಯಂಟಿಬಯಾಟಿಕ್ ತೆಗೆದುಕೊಂಡ ದೊಡ್ಡವರಲ್ಲಿ ನೋಡಿದಾಗ, ಪ್ರೊಬಯಾಟಿಕ್ ತಿಂದವರಿಗೆ ಅವರದೇ ಹಳೆಯ ಬ್ಯಾಕ್ಟೀರಿಯಾ ವಾಪಸ್ ಬರಲು ಏನೂ ತಿನ್ನದವರಿಗಿಂತ ಹೆಚ್ಚು ಸಮಯ ಹಿಡಿಯಿತು. ಸಣ್ಣ ಅಧ್ಯಯನ, ಮಕ್ಕಳ ಮೇಲೆ ಮಾಡಿದ್ದಲ್ಲ, ಆದರೂ ನಾನು ದುಡ್ಡು ಕೊಟ್ಟು ತರುವುದಿಲ್ಲ.

ಇನ್ನೊಂದು, 2021ರಲ್ಲಿ ಸ್ಟ್ಯಾನ್‌ಫರ್ಡ್‌ನವರು 36 ಆರೋಗ್ಯವಂತರನ್ನು ಎರಡು ಗುಂಪು ಮಾಡಿ 10 ವಾರ ನೋಡಿದ್ದು. ಮೊಸರು, ಕೆಫಿರ್, ಕಿಮ್ಚಿಯಂಥ ಹುಳಿ ಬರಿಸಿದ ಆಹಾರ ತಿಂದವರ ಕರುಳಲ್ಲಿ ಬ್ಯಾಕ್ಟೀರಿಯಾದ ಬಗೆಗಳು ಹೆಚ್ಚಾದವು, ರಕ್ತದಲ್ಲಿ ಉರಿಯೂತದ 19 ಪ್ರೋಟೀನ್‌ಗಳು ಕಡಿಮೆಯಾದವು. ಬರೀ ನಾರು ಹೆಚ್ಚಿಸಿದವರಲ್ಲಿ ಅಷ್ಟು ದಿನದಲ್ಲಿ ಬಗೆಗಳು ಹೆಚ್ಚಲಿಲ್ಲ. ಅದಕ್ಕೇ ನಮ್ಮಲ್ಲಿ ಪಲ್ಯ, ಮಜ್ಜಿಗೆ ಎರಡೂ ಒಂದೇ ಊಟದಲ್ಲಿ ಇರಲೇಬೇಕು.

ಮನೆಯಲ್ಲಿ ಕೀಮೋ ಆಗುತ್ತಿರುವವರೋ ಅಂಗಾಂಗ ಕಸಿ ಆದವರೋ ಇದ್ದರೆ ಅವರಿಗೆ ಮಾತ್ರ ಪ್ರೊಬಯಾಟಿಕ್ ಪುಡಿ ಡಾಕ್ಟರನ್ನು ಕೇಳದೆ ಕೊಡಲೇಬೇಡಿ. ನಿರೋಧಕ ಶಕ್ತಿ ತೀರಾ ಕುಗ್ಗಿದವರಲ್ಲಿ ಅದೇ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರಿದ್ದುಂಟು.

ಮಂಗಳೂರಿನಿಂದ:
ಎಲ್ಲರೂ ಹೇಳಿದ್ದು ಸರಿ, ಆದರೆ ಅವಸರ ಬೇಡ. ಕಾಳು, ಬಾಳೆದಿಂಡು ಒಮ್ಮೆಲೇ ಜಾಸ್ತಿ ಕೊಟ್ಟರೆ ಗ್ಯಾಸ್ ಆಗಿ ಹೊಟ್ಟೆ ಉಬ್ಬರಿಸುತ್ತದೆ, ಮಗು ಮತ್ತೆ ಅದರ ತಂಟೆಗೇ ಬರುವುದಿಲ್ಲ. ನನ್ನ ಮಗಳಿಗೆ ಮೊದಲು ಹೆಸರುಕಾಳು ಬೇಯಿಸಿದ ನೀರು, ಆಮೇಲೆ ಕಿವುಚಿದ ಕಾಳು, ಹಾಗೆ ಕೊಟ್ಟೆ. ಮಲದಲ್ಲಿ ರಕ್ತ ಕಂಡರೆ, ಮೂತ್ರ ಕಡಿಮೆಯಾದರೆ, ತೂಕ ಇಳಿಯುತ್ತಿದ್ದರೆ, ಜ್ವರ ತಿರುಗಿ ಬಂದರೆ ಗಂಜಿ ಮಜ್ಜಿಗೆ ಅಂತ ಕೂತುಕೊಳ್ಳಬೇಡಿ, ಆವತ್ತೇ ಡಾಕ್ಟರ ಹತ್ತಿರ ಹೋಗಿ. ಭೇದಿ ದಿನಕ್ಕೆ ಎಷ್ಟು ಸಲ ಆಗ್ತಾ ಉಂಟು ಅಂತ ನೀವು ಬರೆದಿಲ್ಲ, ಅದೊಂದು ಹೇಳಿ.