ಓದುಗರ ಸ್ಪಂದನ: ಮುಂಜಾನೆಯ ಕಾರು, ಕೆಳಗಿನ ಮನೆಯ ನಿದ್ದೆ

ಮಡಿಕೇರಿಯ ಓದುಗರೊಬ್ಬರ ಸಮಸ್ಯೆಯನ್ನು ಕಳೆದ ಸಂಚಿಕೆಯಲ್ಲಿ ಪ್ರಕಟಿಸಿದ್ದೆವು. ಅವರಿಗೆ ಸುಳ್ಯದಲ್ಲಿ ಕೆಲಸ. ಬೆಳಗ್ಗೆ ಐದೂವರೆಗೆ ಮನೆ ಬಿಟ್ಟು ಸಂಪಾಜೆ ಘಾಟಿ ಇಳಿಯಬೇಕು. ಡಿಸೆಂಬರ್ ಬಂತೆಂದರೆ ಕಾರಿನ ಗಾಜಿಗೆ ಒಳಗೂ ಹೊರಗೂ ಮಂಜು. ಅದಕ್ಕೆ ಐದು ಗಂಟೆಗೇ ಎಂಜಿನ್ ಸ್ಟಾರ್ಟ್ ಮಾಡಿ, ಬ್ಲೋವರ್ ಹಾಕಿ ಬಿಟ್ಟು, ಒಳಗೆ ಹೋಗಿ ಊಟದ ಡಬ್ಬಿ ಕಟ್ಟಿಕೊಂಡು ಬರುತ್ತಾರೆ. ಅವರ ಅಂಗಳದ ಮಟ್ಟಕ್ಕೆ ಸರಿಯಾಗಿ ಕೆಳಗಿನ ಮನೆಯ ಕಿಟಕಿ ಇದೆ. ಆ ಕೋಣೆಯಲ್ಲಿ ಉಬ್ಬಸವಿರುವ ಅಜ್ಜ ಮಲಗುತ್ತಾರೆ. ಕೆಳಗಿನವರು ಒಮ್ಮೆ 'ಸ್ವಲ್ಪ ನೋಡಿ' ಎಂದಿದ್ದರು. ಈಗ ಮಾತೇ ನಿಂತಿದೆ. 'ಗಾಜು ಕಾಣದೆ ಘಾಟಿ ಇಳಿಯಲಾರೆ. ಅವರಿಗೆ ತೊಂದರೆ ಕೊಡಲೂ ಮನಸ್ಸಿಲ್ಲ. ಏನು ಮಾಡಲಿ?' ಎಂದು ಅವರು ಕೇಳಿದ್ದರು. ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ.

*

ಅಕ್ಕಾ, ನಿಮ್ಮ ಗಾಜಿನ ಮೇಲಿರುವ ಮಂಜು ಒಂದಲ್ಲ, ಎರಡು. ಹೊರಗಿನದು ಇಬ್ಬನಿ. ಒಳಗಿನದು ಕಾರಿನೊಳಗಿನ ತೇವ. ಬೆರಳಿಂದ ಒರೆಸಿ ನೋಡಿದರೆ ಯಾವ ಕಡೆ ಜಾಸ್ತಿ ಇದೆ ಅಂತ ಗೊತ್ತಾಗುತ್ತದೆ. ಎರಡಕ್ಕೂ ಬೇರೆ ಬೇರೆ ಉಪಾಯ ಬೇಕು. ಅರ್ಧ ಗಂಟೆ ಎಂಜಿನ್ ಓಡಿಸುವುದು ಎರಡಕ್ಕೂ ಸರಿಯಾದ ಉಪಾಯ ಅಲ್ಲ.

ಇಬ್ಬನಿಗೆ ಎಂಜಿನ್ ಬೇಕಾಗಿಯೇ ಇಲ್ಲ. ಮೋಡವಿಲ್ಲದ ರಾತ್ರಿ ಗಾಜು ತನ್ನ ಬಿಸಿಯನ್ನು ಆಕಾಶಕ್ಕೆ ಬಿಟ್ಟುಕೊಟ್ಟು, ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಆಗ ಗಾಳಿಯ ತೇವ ಅದರ ಮೇಲೆ ಕೂರುತ್ತದೆ. ಶೆಡ್ಡಿನ ಕೆಳಗೆ ನಿಂತ ಗಾಡಿ ಒಣಗಿದ್ದು, ಅಂಗಳದಲ್ಲಿ ನಿಂತದ್ದು ತೊಯ್ದಿರುವುದು ಇದಕ್ಕೇ. ಶೆಡ್ಡಿಗೆ ಜಾಗವಿಲ್ಲದಿದ್ದರೆ ರಾತ್ರಿ ಮುಂದಿನ ಗಾಜಿನ ಮೇಲೆ ಒಂದು ಟಾರ್ಪಾಲ್ ತುಂಡು ಹಾಕಿ. ಅದರ ಎರಡು ತುದಿಗಳನ್ನು ಮುಂದಿನ ಬಾಗಿಲುಗಳಿಗೆ ಸಿಕ್ಕಿಸಿ. ಹಳೆ ಬೆಡ್‌ಶೀಟ್ ಬೇಡ, ಅದು ನೀರು ಕುಡಿದು ಗಾಜಿಗೇ ಅಂಟುತ್ತದೆ. ಬೆಳಗ್ಗೆ ಟಾರ್ಪಾಲ್ ಎತ್ತಿ ಕೊಡವಿದರೆ ಮುಂದಿನ ಗಾಜಿನ ಕೆಲಸ ಮುಗಿಯಿತು. ಪಕ್ಕದ ಗಾಜು, ಹಿಂದಿನ ಗಾಜು, ಕನ್ನಡಿಗಳಿಗೆ ಮನೆಯ ಕಿಟಕಿ ಒರೆಸುವ ರಬ್ಬರ್ ವೈಪರ್ ಸಾಕು. ಬಿಸಿನೀರು ಮಾತ್ರ ಸುರಿಯಬೇಡಿ. ಕಲ್ಲು ಸಿಡಿದು ಗಾಜಿನಲ್ಲಿ ಸಣ್ಣ ಗುರುತು ಬಿದ್ದಿದ್ದರೂ ಅಲ್ಲಿಂದ ಬಿರುಕು ಬಿಡಬಹುದು.

ಒಳಗಿನ ಮಂಜಿಗೆ ಕಾರಣ ಹೆಚ್ಚಾಗಿ ಕಾಲಡಿಯ ಮ್ಯಾಟ್. ನಮ್ಮ ಕೊಡಗಿನ ಮಳೆಗಾಲದ ತೇವ ಮ್ಯಾಟಿನ ಅಡಿಯಲ್ಲಿ ಚಳಿಗಾಲದವರೆಗೂ ಉಳಿದಿರುತ್ತದೆ. ಗ್ಯಾರೇಜಿಗೆ ಬರುವ ಗಾಡಿಗಳಲ್ಲಿ ಇದನ್ನು ಎಷ್ಟೋ ಸಲ ನೋಡುತ್ತೇನೆ. ಭಾನುವಾರ ಮ್ಯಾಟ್ ಎಲ್ಲ ತೆಗೆದು ಬಿಸಿಲಿಗೆ ಹಾಕಿ, ನಾಲ್ಕೂ ಬಾಗಿಲು ತೆರೆದಿಡಿ. ಒದ್ದೆ ಕೊಡೆ, ಜರ್ಕಿನ್ ಕಾರಿನಲ್ಲಿ ಬಿಡಬೇಡಿ. ಗಾಜಿನ ಒಳಮೈಯ ಜಿಡ್ಡನ್ನು ಆಗಾಗ ಒರೆಸಿ, ಜಿಡ್ಡಿದ್ದರೆ ಮಂಜು ಬೇಗ ಹಿಡಿಯುತ್ತದೆ. ಸ್ಟಾರ್ಟ್ ಮಾಡಿದ ಮೇಲೆ ಗಾಳಿಯನ್ನು ಮುಂದಿನ ಗಾಜಿಗೆ ತಿರುಗಿಸಿ, ಬಿಸಿ ಕಡೆಗೆ ಇಟ್ಟು, ಎ.ಸಿ. ಕೂಡ ಹಾಕಿ. ಚಳಿಯಲ್ಲಿ ಎ.ಸಿ. ಯಾಕೆ ಅಂತ ತುಂಬಾ ಜನ ಕೇಳುತ್ತಾರೆ. ಎ.ಸಿ. ಗಾಳಿಯ ತೇವ ತೆಗೆಯುತ್ತದೆ, ಹೀಟರ್ ಆ ಗಾಳಿಯನ್ನು ಬೆಚ್ಚಗೆ ಮಾಡುತ್ತದೆ. ಒಳಗಿನ ಗಾಳಿಯೇ ಸುತ್ತುವ ಬಟನ್ ಒತ್ತಿದ್ದರೆ ಅದನ್ನು ತೆಗೆದು ಹೊರಗಿನ ಗಾಳಿ ಬರುವಂತೆ ಮಾಡಿ. ಇದನ್ನು ಮಾಡದೆ ಎಷ್ಟು ಹೊತ್ತು ಬ್ಲೋವರ್ ಓಡಿಸಿದರೂ ನಿಮ್ಮ ಉಸಿರಿನ ತೇವ ಒಳಗೇ ಸುತ್ತುತ್ತಿರುತ್ತದೆ. ಗಾಜು ಮೊದಲೇ ಒರೆಸಿದ್ದರೆ, ಸೀಟಿನಲ್ಲಿ ಕೂತ ಒಂದೆರಡು ನಿಮಿಷದಲ್ಲಿ ತಿಳಿಯಾಗುತ್ತದೆ.

ಇನ್ನು ಎಂಜಿನ್ ಬಿಸಿ ಮಾಡುವ ವಿಷಯ. ಚೋಕ್ ಎಳೆದು ಸ್ಟಾರ್ಟ್ ಮಾಡುವ ಕಾರ್ಬ್ಯುರೇಟರ್ ಗಾಡಿಗಳ ಕಾಲದಲ್ಲಿ ಅದು ಬೇಕಿತ್ತು. ಈಗಿನ ಇಂಜೆಕ್ಷನ್ ಗಾಡಿಗಳಿಗೆ ಅರ್ಧ ನಿಮಿಷ, ಒಂದು ನಿಮಿಷ ಧಾರಾಳವಾಯಿತು. ನಮ್ಮ ಚಳಿ 10 ಡಿಗ್ರಿ ಆಸುಪಾಸಿನದು, ಎಂಜಿನ್ ಆಯಿಲ್‌ಗೆ ಅದು ದೊಡ್ಡ ಚಳಿಯೇ ಅಲ್ಲ. ನಿಂತಲ್ಲೇ ಓಡುವ ಎಂಜಿನ್ ನಿಧಾನ ಬಿಸಿಯಾಗುತ್ತದೆ. ರೇಸ್ ಕೊಡದೆ ಮೆಲ್ಲಗೆ ಓಡಿಸಿಕೊಂಡು ಹೋದರೆ ಬೇಗ ಬಿಸಿಯಾಗುತ್ತದೆ.

ಅಜ್ಜನ ಉಬ್ಬಸಕ್ಕೆ ಸಂಬಂಧಿಸಿದ್ದು ಇನ್ನೊಂದಿದೆ. ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಸುಮಾರು 250ರಿಂದ 300 ಡಿಗ್ರಿ ಬಿಸಿಯಾಗುವ ತನಕ ಸರಿಯಾಗಿ ಕೆಲಸ ಮಾಡುವುದಿಲ್ಲ. ತಣ್ಣಗಿನ ಎಂಜಿನ್‌ಗೆ ಪೆಟ್ರೋಲ್ ಕೂಡ ಜಾಸ್ತಿ ಹೋಗುತ್ತದೆ. ಅಂದರೆ ಸ್ಟಾರ್ಟ್ ಮಾಡಿದ ಮೊದಲ ನಿಮಿಷಗಳ ಹೊಗೆಯೇ ತುಂಬಾ ಕೆಟ್ಟದ್ದು. ಅದೇ ಆ ಕಿಟಕಿಗೆ ಹೋಗುತ್ತಿದೆ. ಸಂಜೆ ಗಾಡಿ ನಿಲ್ಲಿಸುವಾಗಲೇ ಸೈಲೆನ್ಸರ್ ಯಾವ ಕಡೆ ಮುಖ ಮಾಡಿದೆ ಅಂತ ನೋಡಿ, ರಸ್ತೆಯ ಕಡೆಗೆ ಇರುವಂತೆ ನಿಲ್ಲಿಸಿ.

ಎಂಜಿನ್ ಆಫ್ ಇಟ್ಟು, ಇಳಿಜಾರಲ್ಲಿ ಉರುಳಿಸಿಕೊಂಡು ಹೋಗಿ ಕೆಳಗೆ ಸ್ಟಾರ್ಟ್ ಮಾಡಿ ಅಂತ ಯಾರಾದರೂ ಹೇಳಿಯಾರು. ಖಂಡಿತ ಬೇಡ. ಎಂಜಿನ್ ಓಡದಿದ್ದರೆ ಬ್ರೇಕ್ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ, ಸ್ಟೇರಿಂಗ್ ಭಾರವಾಗುತ್ತದೆ. ಮಡಿಕೇರಿಯ ಓಣಿಗಳಲ್ಲಿ ಅದು ಜೀವಕ್ಕೇ ಅಪಾಯ.

— ಗ್ಯಾರೇಜ್ ನಡೆಸುವ ಓದುಗರು, ಕುಶಾಲನಗರ

*

ನಾನು ಕೆಳಗಿನ ಮನೆಯವಳು. ನಿಮ್ಮ ಕೆಳಗಿನ ಮನೆಯಲ್ಲ, ವಿರಾಜಪೇಟೆಯಲ್ಲಿ ಇಂಥದ್ದೇ ಇಳಿಜಾರಿನ ಇನ್ನೊಂದು ಮನೆ. ನಮ್ಮ ಅಮ್ಮನಿಗೂ ಉಬ್ಬಸ. ಆ ಕಡೆಯಿಂದ ಹೇಗಿರುತ್ತದೆ ಅಂತ ನಿಮಗೆ ಹೇಳಬೇಕು ಅನ್ನಿಸಿತು.

ಗಾಡಿ ಸ್ಟಾರ್ಟ್ ಆಗುವ ಸದ್ದಿನಿಂದ ಅಷ್ಟು ತೊಂದರೆ ಇಲ್ಲ. ಕೆಲಸಕ್ಕೆ ಹೋಗುವವರು ಹೋಗಲೇಬೇಕಲ್ವಾ? ಸ್ಟಾರ್ಟ್ ಆಗಿ ಹೊರಟುಹೋದರೆ ಮಗ್ಗುಲು ಬದಲಿಸಿ ಮತ್ತೆ ಮಲಗಬಹುದು. ಕಷ್ಟ ಆಗುವುದು ಅದು ಹೊರಡದೆ ಅಲ್ಲೇ ಓಡುತ್ತಾ ಇರುವಾಗ. ಈಗ ನಿಲ್ಲುತ್ತೆ, ಈಗ ನಿಲ್ಲುತ್ತೆ ಅಂತ ಕಿವಿ ಅಲ್ಲೇ ಇರುತ್ತದೆ. ಮಂಚವೂ ಸಣ್ಣಗೆ ನಡುಗುತ್ತಿರುತ್ತದೆ. ಗಾಡಿಯ ಹತ್ತಿರ ಯಾರೂ ಇಲ್ಲ ಅಂತ ಗೊತ್ತಾದಾಗ ಮನಸ್ಸಿಗೆ ಇನ್ನೂ ನೋವಾಗುತ್ತದೆ. ನಾವು ಇಲ್ಲಿ ಇದ್ದೇವೆ ಅನ್ನುವುದೇ ಅವರಿಗೆ ನೆನಪಿಲ್ಲ ಅನ್ನಿಸುತ್ತದೆ.

ಕಿಟಕಿ ಮುಚ್ಚಿಕೊಳ್ಳಿ ಅಂತ ಸುಲಭವಾಗಿ ಹೇಳುತ್ತಾರೆ. ಹಳೆ ಹೆಂಚಿನ ಮನೆಗೆ ಕಿಟಕಿ ಮುಚ್ಚಿದರೂ ಹೊಗೆ ಬರುತ್ತದೆ. ಚಳಿಗಾಲದ ಮುಂಜಾನೆ ಗಾಳಿ ಅಲುಗಾಡುವುದಿಲ್ಲ. ತಣ್ಣನೆಯ ಗಾಳಿ ನೆಲ ಹಿಡಿದು ಕೂತಿರುತ್ತದೆ, ಇಳಿಜಾರಿನ ಕೆಳಗೆ ಮೆಲ್ಲಗೆ ಜಾರುತ್ತದೆ. ಹೊಗೆ ಮೇಲೆ ಹೋಗದೆ ಅದರ ಜೊತೆ ನಮ್ಮ ಕಡೆಗೇ ಇಳಿಯುತ್ತದೆ. ಮಧ್ಯಾಹ್ನ ಅದೇ ಗಾಡಿ ಅಷ್ಟೇ ಹೊತ್ತು ಓಡಿದರೆ ನಮಗೆ ಗೊತ್ತೂ ಆಗುವುದಿಲ್ಲ. ಅಮ್ಮ ಎದ್ದು ಕೂತು ಇನ್ಹೇಲರ್ ಹುಡುಕುವುದನ್ನು ನೋಡುವಾಗ, ಮೇಲಿನವರ ಜೊತೆ ನಗುನಗುತ್ತಾ ಮಾತಾಡಲು ಆಗುವುದಿಲ್ಲ. ನಿಮ್ಮ ಕೆಳಗಿನವರು ಮಾತು ಬಿಟ್ಟಿದ್ದು ಹಟದಿಂದ ಅಂತ ದಯವಿಟ್ಟು ಅಂದುಕೊಳ್ಳಬೇಡಿ. ಒಂದು ಸಲ ಹೇಳಿದ್ದಾರೆ, ಎರಡನೇ ಸಲ ಹೇಳಿದರೆ ಜಗಳ ಆಗುತ್ತೆ ಅಂತ ಸುಮ್ನಿದ್ದಾರೆ. ಹೆಚ್ಚಿನವರು ಹಾಗೇ ಇರುತ್ತಾರೆ.

ನೀವು ಪತ್ರ ಬರೆದು ಕೇಳಿದಿರಲ್ಲ, ಅದಕ್ಕೆ ನನಗೆ ತುಂಬಾ ಸಂತೋಷವಾಯಿತು.

— ಗೃಹಿಣಿ, ವಿರಾಜಪೇಟೆ

*

ನಾನು ನಾಪೋಕ್ಲು ಕಡೆಯವನು, ಈಗ ಜರ್ಮನಿಯಲ್ಲಿದ್ದೇನೆ. ಇಲ್ಲಿ ಚಳಿಗಾಲದಲ್ಲಿ ಗಾಜಿನ ಮೇಲೆ ಕೂರುವುದು ಇಬ್ಬನಿಯಲ್ಲ, ಗಟ್ಟಿ ಹಿಮ. ಬೆರಳಿಂದ ಒರೆಸಿದರೆ ಬರುವುದಿಲ್ಲ. ಆದರೂ ಎಂಜಿನ್ ಓಡಿಸಿ ಕರಗಿಸುವಂತಿಲ್ಲ. ವಾಹನದ ಎಂಜಿನ್ ಅನಗತ್ಯವಾಗಿ ಓಡಿಸಬಾರದು ಅಂತ ಇಲ್ಲಿನ ರಸ್ತೆ ಸಂಚಾರ ನಿಯಮದ 30ನೇ ಕಲಮಿನಲ್ಲೇ ಇದೆ. ಕಾರಿನ ಬಾಗಿಲನ್ನು ಜೋರಾಗಿ ಬಡಿಯಬಾರದು ಅನ್ನುವುದೂ ಅದೇ ಕಲಮಿನಲ್ಲಿದೆ. ಬೇರೆಯವರ ನಿದ್ದೆಯನ್ನು ಕಾನೂನು ಇಷ್ಟು ಸಣ್ಣ ವಿಷಯದವರೆಗೂ ಯೋಚಿಸಿದೆಯಲ್ಲ ಅಂತ ನನಗೆ ಮೆಚ್ಚುಗೆಯಾಯಿತು.

ಹಾಗಾದರೆ ಜನ ಏನು ಮಾಡುತ್ತಾರೆ? ರಾತ್ರಿಯೇ ಗಾಜಿಗೆ ಹೊದಿಕೆ ಹಾಕುತ್ತಾರೆ. ಹಾಕದಿದ್ದರೆ ಬೆಳಗ್ಗೆ ಪ್ಲಾಸ್ಟಿಕ್ ಪಟ್ಟಿಯಿಂದ ಹಿಮ ಕೆರೆಯುತ್ತಾರೆ. ಹಿಮ ಕರಗಿಸುವ ಸ್ಪಿರಿಟ್‌ನಂಥ ದ್ರವವನ್ನು ಸಿಂಪಡಿಸುವವರೂ ಇದ್ದಾರೆ. ಹಿಮ ಹಿಡಿದ ಗಾಜಿಗೆ ವೈಪರ್ ಓಡಿಸಿದರೆ ಅದರ ರಬ್ಬರ್ ಹರಿಯುತ್ತದೆ, ಹಾಗಾಗಿ ಮೊದಲು ಕೈ ಕೆಲಸ, ಆಮೇಲೆ ಎಂಜಿನ್. ಮಡಿಕೇರಿಯಲ್ಲಿ ಕೆರೆಯುವ ಕಷ್ಟವೂ ಇಲ್ಲ, ಒರೆಸಿದರೆ ಸಾಕು. ಆದರೆ ಹತ್ತು ನಿಮಿಷ ಮೊದಲು ಏಳಬೇಕು. ಆ ಹತ್ತು ನಿಮಿಷವನ್ನು ನಾವು ಕೊಡಬೇಕು, ಕೆಳಗಿನ ಮನೆಯವರಿಂದ ಕೇಳಬಾರದು ಅನ್ನುವುದು ನನ್ನ ಅಭಿಪ್ರಾಯ.

— ಎಂಜಿನಿಯರ್, ಜರ್ಮನಿ

*

ಎಲ್ಲರೂ ನೆರೆಯವರ ಬಗ್ಗೆ ಬರೆಯುತ್ತಾರೆ, ಬರೆಯಲಿ. ನಾನು ಡ್ರೈವರ್ ಆಗಿ ಒಂದು ಮಾತು ಸೇರಿಸುತ್ತೇನೆ. ಬೇಗ ಹೊರಡುವ ಆತುರದಲ್ಲಿ ಗಾಜಿನಲ್ಲಿ ಅಂಗೈಯಗಲ ಒರೆಸಿಕೊಂಡು ಹೊರಡಬೇಡಿ. ಸಂಪಾಜೆ ಘಾಟಿಯಲ್ಲಿ ಆ ಹೊತ್ತಿಗೆ ಎದುರಿನಿಂದ ಬಸ್ಸು, ಲಾರಿ ಬರುತ್ತಿರುತ್ತವೆ. ತಿರುವಿನಲ್ಲಿ ನಮಗೆ ಬೇಕಾಗುವುದು ಪಕ್ಕದ ಗಾಜು, ಕನ್ನಡಿ. ಎಲ್ಲ ಗಾಜೂ ಪೂರ್ತಿ ಒರೆಸಿ, ಹೆಡ್‌ಲೈಟ್ ಕೂಡ ಒರೆಸಿ, ಆಮೇಲೆ ಹೊರಡಿ. ಅಂಗಳದಲ್ಲೇ ನಿಲ್ಲಬೇಕೆಂದಿಲ್ಲ. ಓಣಿ ದಾಟಿ ಮನೆಗಳಿಲ್ಲದ ಅಗಲ ಜಾಗದಲ್ಲಿ ಒಂದು ನಿಮಿಷ ನಿಲ್ಲಿಸಿ, ಒಳಗಿನ ಮಂಜು ಪೂರ್ತಿ ಹೋಯಿತಾ ನೋಡಿಕೊಳ್ಳಿ. ಘಾಟಿ ಶುರುವಾಗುವ ಮೊದಲೇ ಇದನ್ನು ಮಾಡಬೇಕು.

— ಟ್ಯಾಕ್ಸಿ ಚಾಲಕರು, ಗೋಣಿಕೊಪ್ಪಲು

*

ಕಾನೂನು ಏನು ಹೇಳುತ್ತದೆ ಎನ್ನುವುದೂ ಗೊತ್ತಿರಲಿ. 1988ರ ಮೋಟಾರು ವಾಹನ ಕಾಯ್ದೆಯ 126ನೇ ಕಲಮಿನ ಪ್ರಕಾರ, ಸಾರ್ವಜನಿಕ ಜಾಗದಲ್ಲಿ ನಿಂತ ವಾಹನದ ಚಾಲಕನ ಸೀಟಿನಲ್ಲಿ ಲೈಸೆನ್ಸ್ ಇರುವವರು ಕೂತಿರಬೇಕು. ಇಲ್ಲದಿದ್ದರೆ ಎಂಜಿನ್ ನಿಲ್ಲಿಸಿ ಬ್ರೇಕ್ ಹಾಕಿರಬೇಕು. ಓಣಿಯೂ ಸಾರ್ವಜನಿಕ ಜಾಗವೇ. ನಿಮ್ಮದು ಸ್ವಂತ ಅಂಗಳ ಇರಬಹುದು. ಆದರೆ ಇಳಿಜಾರಿನಲ್ಲಿ ಕೀ ಸಮೇತ ಓಡುತ್ತಿರುವ ಗಾಡಿಯನ್ನು ಬಿಟ್ಟು ಒಳಗೆ ಹೋಗುವುದು ಅಲ್ಲೂ ಅಪಾಯವೇ. 2000ದ ಶಬ್ದ ಮಾಲಿನ್ಯ ನಿಯಮಗಳಲ್ಲಿ ರಾತ್ರಿ ಎಂದರೆ 10ರಿಂದ ಬೆಳಗ್ಗೆ 6. ವಸತಿ ಪ್ರದೇಶಕ್ಕೆ ಆ ಹೊತ್ತಿನ ಮಿತಿ 45 ಡೆಸಿಬಲ್. ಐದು ಗಂಟೆ ನಮಗೆ ಬೆಳಗ್ಗೆ ಅನ್ನಿಸಿದರೂ ನಿಯಮದ ಲೆಕ್ಕದಲ್ಲಿ ಅದು ರಾತ್ರಿಯೇ.

ನಿಮ್ಮ ವಿಷಯ ಠಾಣೆಯವರೆಗೆ ಹೋಗುವಂಥದ್ದಲ್ಲ, ಹೋಗಲೂಬಾರದು. ಇಂಥ ಜಗಳಗಳು ಠಾಣೆಗೆ ಬಂದಾಗ ಎರಡು ಮನೆಯವರೂ ಸೋತೇ ಹೋಗುವುದನ್ನು ನೋಡಿದ್ದೇನೆ.

— ನಿವೃತ್ತ ಪೊಲೀಸ್ ಅಧಿಕಾರಿ, ಸೋಮವಾರಪೇಟೆ

*

ಮಗಳೇ, ಉಪಾಯಗಳನ್ನು ಬೇರೆಯವರು ಹೇಳುತ್ತಾರೆ. ಕೆಳಗಿನ ಮನೆಗೆ ಹೋಗುವುದು ಹೇಗೆ ಅಂತ ನಾನು ಹೇಳುತ್ತೇನೆ.

ಬೆಳಗ್ಗೆ ಹೋಗಬೇಡ, ಫೋನೂ ಬೇಡ. ಸಂಜೆ ಕೆಲಸದಿಂದ ಬಂದ ಮೇಲೆ ಹೋಗು. ಪುತ್ತರಿ ಹಬ್ಬದ ಹೊತ್ತಾದರೆ ಒಂದಿಷ್ಟು ತಂಬಿಟ್ಟು ತಗೊಂಡು ಹೋಗು, ಇಲ್ಲದಿದ್ದರೆ ಬರಿಗೈಯಲ್ಲಿ ಹೋದರೂ ಆಯಿತು. ಹೋಗುವುದಕ್ಕೆ ಮೊದಲೇ ಟಾರ್ಪಾಲ್ ತಂದು, ನಾಲ್ಕು ದಿನ ಹೊಸ ಕ್ರಮ ಮಾಡಿ ನೋಡಿರು. ಬರಿಯ ಮಾತು ಕೊಟ್ಟು ಬಂದರೆ ಅವರಿಗೆ ನಂಬಿಕೆ ಬರುವುದಿಲ್ಲ. ಸದ್ದು ಕಡಿಮೆಯಾಗಿದ್ದು ಅವರ ಗಮನಕ್ಕೆ ಬಂದಿರಲಿ, ಆಮೇಲೆ ನೀನು ಬಾಗಿಲು ತಟ್ಟು.

ಮೊದಲು ಅಜ್ಜನ ಆರೋಗ್ಯ ಕೇಳು. ನಿನ್ನ ಕೆಲಸದ ಕಷ್ಟ, ಘಾಟಿಯ ಮಂಜು ಇದನ್ನೆಲ್ಲ ವಿವರಿಸಬೇಡ. ಅವರೂ ಮಡಿಕೇರಿಯವರೇ, ಗೊತ್ತಿದೆ. 'ಇನ್ನು ಗಾಡಿ ಸ್ಟಾರ್ಟ್ ಮಾಡಿ ಬಿಡೋದಿಲ್ಲ. ಗಾಜು ಕೈಯಲ್ಲೇ ಒರೆಸಿ, ಕೂತ ಮೇಲೆ ಸ್ಟಾರ್ಟ್ ಮಾಡಿ ಹೊರಡ್ತೀನಿ. ಹಾಗೂ ಹೊಗೆ ಬಂದ್ರೆ ಹೇಳಿ' ಅಂತ ಇಷ್ಟೇ ಹೇಳು. ನಿನಗೆ ರಜೆ ಯಾವ ದಿನ ಅಂತಲೂ ಹೇಳಿಬಿಡು. ಗಾಡಿ ನಿಲ್ಲಿಸಲು ಯಾವ ಮೂಲೆ ಆದರೆ ಅವರಿಗೆ ಅನುಕೂಲ ಅಂತ ಅವರನ್ನೇ ಕೇಳು. ಹೊಗೆ ಎಲ್ಲಿಂದ ಬರುತ್ತದೆ ಅಂತ ನಿನಗಿಂತ ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ.

ಅವರು ಅವತ್ತೇ ನಗುತ್ತಾ ಮಾತಾಡಬೇಕು ಅಂತ ಕಾಯಬೇಡ. ಸ್ವಲ್ಪ ದಿನ ಹಿಡಿಯಬಹುದು. ಊರ ಕಡೆ ಐನ್‌ಮನೆಗಳಿಗೆ, ಅಂದರೆ ಕುಟುಂಬದ ಮೂಲ ಮನೆಗಳಿಗೆ, ದೊಡ್ಡ ಅಂಗಳ ಇರುತ್ತದೆ, ಒಬ್ಬರ ಸದ್ದು ಇನ್ನೊಬ್ಬರ ಮನೆ ಮುಟ್ಟುವುದಿಲ್ಲ. ಪೇಟೆಯಲ್ಲಿ ಗೋಡೆಗೆ ಗೋಡೆ. ಇಲ್ಲಿ ಕಷ್ಟಕ್ಕೆ ಮೊದಲು ಓಡಿಬರುವವರೂ ಅದೇ ಗೋಡೆಯ ಆಚೆಯವರು.

— ನಿವೃತ್ತ ಶಿಕ್ಷಕಿ, ಪೊನ್ನಂಪೇಟೆ

*

ನಾವು ತೋಟದ ಲೈನ್ ಮನೆಯಲ್ಲಿ, ಅಂದರೆ ಕಾರ್ಮಿಕರ ಸಾಲುಮನೆಯಲ್ಲಿ ಇರುವವರು. ನಮ್ಮ ತೊಂದರೆ ಕಾರಿನದಲ್ಲ, ಜೀಪಿನದು. ಕಾಫಿ ಕೊಯ್ಲು ಶುರುವಾದ ಮೇಲೆ ಬೇರೆ ತೋಟಕ್ಕೆ ಆಳುಗಳನ್ನು ಕರೆದುಕೊಂಡು ಹೋಗಲು ಜೀಪು ಬರುತ್ತದೆ. ಎಲ್ಲರೂ ಹತ್ತುವ ತನಕ ಲೈನಿನ ಬಾಗಿಲಲ್ಲೇ ಓಡುತ್ತಾ ನಿಂತಿರುತ್ತದೆ. ಬ್ಯಾಟರಿ ಹಳತು, ನಿಲ್ಲಿಸಿದರೆ ಮತ್ತೆ ಸ್ಟಾರ್ಟ್ ಆಗಲ್ಲ ಅನ್ನುತ್ತಾರೆ. ಡೀಸೆಲ್ ಹೊಗೆ ಸಾಲಿನ ಎಲ್ಲ ಮನೆಗೂ ನುಗ್ಗುತ್ತದೆ. ಒಳಗೆ ಚಿಕ್ಕ ಮಕ್ಕಳು ಮಲಗಿರುತ್ತವೆ. ನಾವು ಹೇಳಿದರೆ ಕೆಲಸಕ್ಕೆ ಕರೆಯದೆ ಹೋದಾರು ಅಂತ ಭಯ.

ಈ ಪುಟ ತೋಟದ ಮಾಲೀಕರೂ ಓದುತ್ತಾರೆ ಅಂತ ಬರೆಯುತ್ತಿದ್ದೇನೆ. ಜೀಪನ್ನು ಲೈನಿನ ಬಾಗಿಲಿಗೆ ತರುವ ಬದಲು ಕಾಫಿ ಒಣಗಿಸುವ ಕಣದ ಹತ್ತಿರ ನಿಲ್ಲಿಸಿದರೆ ಸಾಕು, ನಾವೇ ನಡೆದು ಬರುತ್ತೇವೆ. ಹೊಸ ಬ್ಯಾಟರಿ ಹಾಕಿಸಿದರೆ ಇನ್ನೂ ಒಳ್ಳೆಯದು. ರೋಬಸ್ಟಾ ಕೊಯ್ಲು ಮುಗಿಯಲು ಇನ್ನೂ ಸಮಯ ಇದೆ. ಅಷ್ಟರೊಳಗೆ ದಯವಿಟ್ಟು ಡ್ರೈವರ್‌ಗೆ ಒಂದು ಮಾತು ಹೇಳಿ.

— ತೋಟದ ಕಾರ್ಮಿಕರು, ಸಿದ್ದಾಪುರ