27ಕ್ಕೆ ನಾಟಕ ಕಲಿಯಕ್ಕೆ ಹೋಗೋದು ತಡ ಆಯ್ತಾ? ಅಲನ್ ರಿಕ್‌ಮನ್ ವಿಷ್ಯ ಗೊತ್ತಿರೋರು ಹೇಳಿ

ಫ್ಲೆಕ್ಸ್ ಡಿಸೈನರ್, ತುಮಕೂರು:

ಎಲ್ರಿಗೂ ನಮಸ್ಕಾರ. ನಾನು ತುಮಕೂರಲ್ಲಿ ಒಂದು ಫ್ಲೆಕ್ಸ್ ಪ್ರಿಂಟಿಂಗ್ ಅಂಗಡೀಲಿ ಡಿಸೈನರ್, ಕೋರೆಲ್‌ಡ್ರಾ ಫೋಟೋಶಾಪ್ ಮುಂದೆ ಕೂತು ಆರು ವರ್ಷ ಆಯ್ತು, ಊರು ಗುಬ್ಬಿ ತಾಲ್ಲೂಕು. ನಮ್ ಕಡೆ ಜಾತ್ರೆ ಶುರುವಾದ್ರೆ ಸಾಕು ಕುರುಕ್ಷೇತ್ರ ನಾಟಕದ ಫ್ಲೆಕ್ಸ್ ಒಂದಾದ್ಮೇಲೊಂದು ಬರ್ತಾನೇ ಇರ್ತವೆ, ಎಲ್ಲಾ ಪಾತ್ರಧಾರಿಗಳ ಫೋಟೋ, ಕೆಳಗೆ ಯಾರ್ಯಾರು ಯಾವ್ ಪಾತ್ರ ಅಂತ ಹೆಸ್ರು, ಹಾರ್ಮೋನಿ ಮೇಷ್ಟ್ರ ಫೋಟೋ, ಡ್ರಾಮಾ ಸೀನರಿಯವ್ರ ಹೆಸ್ರು. ಅದನ್ನ ಕೂರ್ಸೋವಾಗ ಕೈ ಮೌಸ್ ಮೇಲಿರುತ್ತೆ, ಮನ್ಸು ಸ್ಟೇಜ್ ಮೇಲಿರುತ್ತೆ. ನಾನೂ ಎರಡು ಸಲ ಊರ ನಾಟಕದಲ್ಲಿ ಪಾತ್ರ ಮಾಡಿದೀನಿ, ಒಂದ್ಸಲ ವಿದುರ, ಒಂದ್ಸಲ ಶಕುನಿ. ಶಕುನಿ ಮಾಡಿದ ರಾತ್ರಿ ಬೆಳಗಿನ ಜಾವ ನಾಲ್ಕು ಗಂಟೇಲೂ ಜನ ಎದ್ದು ಹೋಗ್ದೆ ಕೂತಿದ್ರಲ್ಲ, ಅದನ್ನ ಇವತ್ತಿಗೂ ಮರೆಯಕ್ಕಾಗ್ತಿಲ್ಲ.

ಈಗ ವಿಷ್ಯಕ್ ಬರ್ತೀನಿ. ಸರಿಯಾಗಿ ನಾಟಕ ಕಲೀಬೇಕು ಅಂತ ಆಸೆ. ಮನೇಲಿ ಅಪ್ಪ ಇಲ್ಲ, ಅಮ್ಮ ಮದ್ವೆ ಮಾಡ್ಕೋ ಅಂತಾರೆ, ಈ ವಯಸ್ಸಲ್ಲಿ ಇದ್ಯಾಕೆ ಅಂತ ಮಾವ ಕೇಳ್ತಾರೆ. ಮೊನ್ನೆ ಯಾರೋ ಹೇಳಿದ್ರು, ಹ್ಯಾರಿ ಪಾಟರ್‌ನಲ್ಲಿ ಸ್ನೇಪ್ ಮಾಡಿದ ಅಲನ್ ರಿಕ್‌ಮನ್ ಕೂಡ ಮೊದಲು ಗ್ರಾಫಿಕ್ ಡಿಸೈನರ್ ಆಗಿದ್ರಂತೆ ಅಂತ. ನಿಜಾನಾ? ಯಾವ ವಯಸ್ಸಲ್ಲಿ ಶುರು ಮಾಡಿದ್ರು, ಮಧ್ಯದಲ್ಲಿ ಹೊಟ್ಟೆಪಾಡು ಹೆಂಗೆ? ಗೊತ್ತಿರೋರು ದಯವಿಟ್ಟು ಬಿಡಿಸಿ ಹೇಳಿ.

ಇಂಗ್ಲಿಷ್ ಮೇಡಂ, ಕೋಲಾರ:

ನಿಜ ಕಣಪ್ಪ. ನಾನು ಕೋಲಾರದಲ್ಲಿ ಪಿಯು ಮಕ್ಕಳಿಗೆ ಇಂಗ್ಲಿಷ್ ಹೇಳ್ಕೊಡ್ತೀನಿ, ರಿಕ್‌ಮನ್ ಅಂದ್ರೆ ನಂಗೆ ತುಂಬಾ ಇಷ್ಟ, ಅದಕ್ಕೆ ಸ್ವಲ್ಪ ಉದ್ದ ಆಗುತ್ತೆ, ಓದ್ಕೊ.

ಹುಟ್ಟಿದ್ದು 1946ರ ಫೆಬ್ರವರಿ 21, ಲಂಡನ್‌ನ ಆಕ್ಟನ್ ಅನ್ನೋ ಕಡೆ. ದುಡ್ಡಿದ್ದ ಮನೆ ಏನಲ್ಲ. ಅಪ್ಪ ಗೋಡೆಗೆ ಪೇಂಟ್ ಹೊಡೆಯೋ ಕೆಲಸ, ಫ್ಯಾಕ್ಟರಿ ಕೆಲಸ ಮಾಡ್ತಿದ್ದೋರು, ಇವ್ರಿಗೆ ಎಂಟು ವರ್ಷ ಇದ್ದಾಗ್ಲೇ ಕ್ಯಾನ್ಸರ್‌ನಿಂದ ತೀರ್ಕೊಂಡ್ರು. ನಾಲ್ಕು ಮಕ್ಕಳು, ಇವ್ರು ಎರಡನೇಯವ್ರು. ಅಮ್ಮ ಪೋಸ್ಟಾಫೀಸಲ್ಲಿ ದುಡಿದು ನಾಲ್ವರನ್ನೂ ಸಾಕಿದ್ರು. ನಿಮ್ಮನೇಲೂ ಅಪ್ಪ ಇಲ್ಲ ಅಂದ್ಯಲ್ಲ, ಅದಕ್ಕೇ ಇದನ್ನ ಮೊದಲು ಹೇಳಿದೆ. ಓದಲ್ಲಿ ಚುರುಕು, ಸ್ಕಾಲರ್‌ಶಿಪ್ ಸಿಕ್ಕಿ ಲ್ಯಾಟಿಮರ್ ಅನ್ನೋ ಒಳ್ಳೆ ಸ್ಕೂಲಿಗೆ ಸೇರಿದ್ರು, ನಾಟಕದ ರುಚಿ ಹತ್ತಿದ್ದು ಅಲ್ಲೇ. ಆದ್ರೂ ಸ್ಕೂಲ್ ಮುಗಿದ್ಮೇಲೆ ಹೋಗಿದ್ದು ಚೆಲ್ಸಿಯಲ್ಲಿ ಆರ್ಟ್ ಕಾಲೇಜಿಗೆ, ಆಮೇಲೆ ರಾಯಲ್ ಕಾಲೇಜ್ ಆಫ್ ಆರ್ಟ್. ಡಿಸೈನ್ ಕೆಲಸದಲ್ಲಿ ಅನ್ನ ಇದೆ, ಆಕ್ಟಿಂಗಲ್ಲಿ ಗ್ಯಾರಂಟಿ ಇಲ್ಲ ಅನ್ನೋ ಲೆಕ್ಕಾಚಾರ, ನಮ್ಮನೆಗಳಲ್ಲಿ ಹಾಕ್ತೀವಲ್ಲ ಅದೇ ಲೆಕ್ಕ. ಫ್ರೆಂಡ್ಸ್ ಜೊತೆ ಸೇರಿ ಗ್ರಾಫಿಟಿ ಅಂತ ಒಂದು ಡಿಸೈನ್ ಸ್ಟುಡಿಯೋನೂ ತೆಗೆದ್ರು.

ಸ್ಟುಡಿಯೋ ನಡೀತಿದ್ದಾಗ್ಲೇ, 26ನೇ ವಯಸ್ಸಲ್ಲಿ, ರಾಡಾ ಅಂತಾರಲ್ಲ ಆ ಲಂಡನ್ನಿನ ನಾಟಕ ಶಾಲೆಗೆ ಒಂದು ಕಾಗದ ಬರೆದು ಆಡಿಷನ್ ಕೊಡಿ ಅಂತ ಕೇಳಿದ್ರು. ಸೀಟು ಸಿಕ್ತು, 1972ರಿಂದ 74ರವರೆಗೆ ಕಲಿತ್ರು. ಕ್ಲಾಸಲ್ಲಿ ಬಹಳ ಜನ ಇವ್ರಿಗಿಂತ ಚಿಕ್ಕೋರು. ಹೊಟ್ಟೆಪಾಡು ಕೇಳಿದ್ಯಲ್ಲ, ಓದೋವಾಗ ದೊಡ್ಡ ನಟರ ಹತ್ರ ಡ್ರೆಸ್ಸರ್ ಆಗಿದ್ರು, ಅಂದ್ರೆ ಗ್ರೀನ್ ರೂಮಲ್ಲಿ ನಟರಿಗೆ ಬಟ್ಟೆ ತೊಡಿಸೋದು, ಎತ್ತಿಡೋದು. ರಾಲ್ಫ್ ರಿಚರ್ಡ್‌ಸನ್, ನೈಜೆಲ್ ಹಾಥಾರ್ನ್ ಇಬ್ರಿಗೂ ಆ ಕೆಲಸ ಮಾಡಿದಾರೆ. ಸೈಡ್ ವಿಂಗಲ್ಲಿ ನಿಂತು ರಿಚರ್ಡ್‌ಸನ್ ಅಂಥೋರನ್ನ ನೋಡೋದೂ ಒಂದು ಪಾಠಾನೇ ಅಲ್ವಾ.

ಇನ್ನೊಂದು, ಆ ದನಿ. ಎಲ್ರೂ ಹೊಗಳೋ ಆ ಗಂಭೀರ ದನಿ ಹುಟ್ಟಿನಿಂದ ಬಂದ ವರ ಅಂದ್ಕೊಂಡ್ರೆ ತಪ್ಪು. ಹುಟ್ಟಿನಿಂದ ದವಡೆ ಬಿಗಿ ಅಂತ ಅವ್ರೇ ಹೇಳ್ಕೊಂಡಿದಾರೆ, ಮಾತು ಸಲೀಸಾಗಿ ಹೊರಡ್ತಿರ್ಲಿಲ್ಲ. ಅದನ್ನೇ ಪಳಗಿಸಿ ಪಳಗಿಸಿ ಹಂಗೆ ನಿಧಾನಕ್ಕೆ ಎಳೆದು ಮಾತಾಡೋ ರೀತಿ ಬಂದಿದ್ದು.

ಹೆಗ್ಗೋಡಿಗೆ ಹೋಗ್ಬಂದೋನು, ಚಿಕ್ಕಬಳ್ಳಾಪುರ:

ಮೇಡಂ ಚೆನ್ನಾಗಿ ಹೇಳಿದ್ರು. ನಾನು ಹೆಗ್ಗೋಡಿನ ನೀನಾಸಂ ನಾಟಕ ಶಾಲೇಲಿ ಒಂದು ವರ್ಷದ ಕೋರ್ಸ್ ಮಾಡಿ ಬಂದೋನು, ಅದಕ್ಕೇ ಒಂದ್ ಮಾತು ಸೇರಿಸ್ತೀನಿ. 26ಕ್ಕೆ ಶುರು ಮಾಡಿದ್ರು ಅನ್ನೋದನ್ನೇ ಎಲ್ರೂ ಹಿಡ್ಕೊಂತಾರೆ, ಅದಾದ್ಮೇಲಿನ ವರ್ಷಗಳನ್ನ ಯಾರೂ ಹೇಳಲ್ಲ. ಅವ್ರ ಮೊದಲ ಸಿನಿಮಾ ಡೈ ಹಾರ್ಡ್ ಬಂದಿದ್ದು 1988ರಲ್ಲಿ, ಆಗ ಅವ್ರಿಗೆ 42. ಲೆಕ್ಕ ಹಾಕಿ ನೋಡು, ರಾಡಾ ಬಾಗ್ಲು ತಟ್ಟಿದ್ಮೇಲೆ 16 ವರ್ಷ. ಅಷ್ಟೂ ವರ್ಷ ಯಾರಾದ್ರೂ ಕರೀಲಿ ಅಂತ ಕೂತಿರ್ಲಿಲ್ಲ. ಮ್ಯಾಂಚೆಸ್ಟರ್, ಶೆಫೀಲ್ಡ್, ಬರ್ಮಿಂಗ್‌ಹ್ಯಾಮ್, ಬ್ರಿಸ್ಟಲ್ ಹಿಂಗೆ ಊರೂರಿನ ರೆಪರ್ಟರಿ ಥಿಯೇಟರ್‌ಗಳಲ್ಲಿ, ಅಂದ್ರೆ ಒಂದೇ ತಂಡ ಬೇರೆಬೇರೆ ನಾಟಕ ಆಡೋ ಕಡೆ, ಆಡ್ತಿದ್ರು, ಸಿಕ್ಕಿದ್ ಪಾತ್ರ ಮಾಡಿದ್ರು. ನಮ್ ತಿರುಗಾಟದವ್ರು ಊರೂರು ಸುತ್ತಿ ಆಡಲ್ವಾ, ಆ ಥರದ ದುಡಿಮೆ, ಸಂಬ್ಳ ಅಷ್ಟಕ್ಕಷ್ಟೇ. ಆಮೇಲೆ ರಾಯಲ್ ಶೇಕ್ಸ್‌ಪಿಯರ್ ಕಂಪ್ನಿ, 1982ರಲ್ಲಿ ಬಿಬಿಸಿಯ ಬಾರ್ಚೆಸ್ಟರ್ ಕ್ರಾನಿಕಲ್ಸ್‌ನಲ್ಲಿ ಸ್ಲೋಪ್ ಅನ್ನೋ ಪಾದ್ರಿ ಪಾತ್ರ, ಅದ್ರಿಂದ ಮನೆಮನೆಗೆ ಮುಖ ಗೊತ್ತಾಯ್ತು.

1985ರಲ್ಲಿ ಲೆ ಲಿಯೆಸಾನ್ ದಾಂಜೆರಸ್ ಅನ್ನೋ ನಾಟಕದಲ್ಲಿ ವಾಲ್ಮಾಂಟ್ ಪಾತ್ರ ಸಿಕ್ತು. ಅದು ಶುರುವಾಗಿದ್ದು ಎಲ್ಲಿ ಗೊತ್ತಾ, ಸ್ಟ್ರಾಟ್‌ಫರ್ಡ್‌ನಲ್ಲಿ ಆ ಕಂಪ್ನಿಯ ಚಿಕ್ಕ ರಂಗಮಂದಿರದಲ್ಲಿ, ತಗಡಿನ ಶೆಡ್ ಅದು! ಅಲ್ಲಿಂದ ಲಂಡನ್, ಲಂಡನ್ನಿಂದ 1987ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇ, ಅಲ್ಲಿ ನಾಟಕದೋರಿಗೆ ಕೊಡೋ ಟೋನಿ ಪ್ರಶಸ್ತಿಗೆ ನಾಮಿನೇಷನ್. ಅಲ್ಲಿ ನೋಡಿದ ಸಿನಿಮಾದವ್ರೇ ಡೈ ಹಾರ್ಡ್‌ಗೆ ಕರ್ಕೊಂಡ್ ಹೋಗಿದ್ದು. ಬೇಜಾರಿನ ಸಂಗ್ತಿ ಅಂದ್ರೆ ಅದೇ ನಾಟಕ ಸಿನಿಮಾ ಆದಾಗ ವಾಲ್ಮಾಂಟ್ ಪಾತ್ರ ಇವ್ರಿಗೆ ಸಿಗ್ಲಿಲ್ಲ, ಜಾನ್ ಮಾಲ್ಕೊವಿಚ್ ಮಾಡಿದ್ರು. ಎರಡು ವರ್ಷ ದಿನಾ ರಾತ್ರಿ ಮೈಮೇಲೆ ಹಾಕ್ಕೊಂಡಿದ್ ಪಾತ್ರ ಬೇರೆಯವ್ರ ಪಾಲಾದ್ರೆ ಎಷ್ಟು ಸಂಕಟ ಆಗುತ್ತೆ ಅಂತ ಸ್ಟೇಜ್ ಹತ್ತಿದೋನಿಗೆ ಗೊತ್ತು.

ಇನ್ನು ಮನೆ ವಿಷ್ಯ. ರೀಮಾ ಹಾರ್ಟನ್ ಅಂತ, 1965ರಿಂದ ಅವ್ರ ಜೊತೆಗಿದ್ದೋರು, ಕಾಲೇಜಲ್ಲಿ ಎಕನಾಮಿಕ್ಸ್ ಪಾಠ ಮಾಡ್ತಿದ್ರು, ಲೇಬರ್ ಪಾರ್ಟಿಯಿಂದ ಕೌನ್ಸಿಲರ್ ಕೂಡ ಆಗಿದ್ರು. ಮದ್ವೆ ಅಂತ ಆಗಿದ್ದು 2012ರಲ್ಲಿ, ನ್ಯೂಯಾರ್ಕಲ್ಲಿ. ಇದನ್ನ ಯಾಕ್ ಹೇಳ್ದೆ ಅಂದ್ರೆ, ನಾಟಕದೋನ ಮನೇಲಿ ಆ ಹುಚ್ಚನ್ನ ಅರ್ಥ ಮಾಡ್ಕೊಳೋರು ಒಬ್ರು ಇರ್ಲೇಬೇಕು. ನೀನು ಮದ್ವೆ ಆಗೋದಾದ್ರೆ ಹುಡುಗಿಗೆ ಮೊದಲೇ ಹೇಳ್ಬಿಡು, ಮುಚ್ಚಿಡ್ಬೇಡ. ನಮ್ ಬ್ಯಾಚಲ್ಲಿ ಮುಚ್ಚಿಟ್ಟು ಆದವ್ನು ಈಗ ಸ್ಟೇಜೂ ಇಲ್ಲ ನೆಮ್ಮದೀನೂ ಇಲ್ಲ ಅಂತ ಅಳ್ತಾನೆ.

ಹಾರ್ಮೋನಿ ಮೇಷ್ಟ್ರ ಮಗ, ತಿಪಟೂರು:

ತಮ್ಮಾ, ಇಂಗ್ಲೆಂಡಿನೋರ ವಿಷ್ಯ ಅವರಿಬ್ರೂ ಹೇಳಿದ್ರು, ನಂಗೆ ಅದು ಅಷ್ಟಾಗಿ ಗೊತ್ತಿಲ್ಲ, ಡೈ ಹಾರ್ಡ್ ಮಾತ್ರ ಟಿವೀಲಿ ಹತ್ತು ಸಲ ನೋಡಿದೀನಿ. ಅದ್ರಲ್ಲಿ ರಿಕ್‌ಮನ್ ಮಾಡಿದ ಆ ವಿಲನ್ ಹಾನ್ಸ್ ಗ್ರೂಬರ್ ಪಾತ್ರ ನೋಡ್ದಾಗೆಲ್ಲ ನಂಗೆ ದುರ್ಯೋಧನ ನೆನಪಾಗ್ತಾನೆ. ಸೂಟು ಹಾಕ್ಕೊಂಡು, ದನಿ ಎತ್ತರಿಸ್ದೆ, ಎದುರಿಗಿರೋನು ಬೆವ್ರೋ ಹಂಗೆ ಮಾತಾಡ್ತಾನೆ. ನಮ್ಮೂರ್ ನಾಟಕದಲ್ಲಿ ಯಾವನಾದ್ರೂ ದುರ್ಯೋಧನನ್ನ ವಿಲನ್ ಅಂತಾನಾ? ಪಾತ್ರಕ್ಕೆ ಹೆಚ್ಚು ದುಡ್ಡು ಕಟ್ಟೋಕೆ ಪೈಪೋಟಿ ಬೀಳೋದೇ ಆ ಪಾತ್ರಕ್ಕೆ, ಗದೆ ಹಿಡ್ದು ಬಂದ್ರೆ ಜನ ವಿಷಲ್ ಹೊಡೀತಾರೆ. ಅಪ್ಪ ತಾಲೀಮಲ್ಲಿ ಹೇಳ್ತಿದ್ರು, ಅವ್ನು ಕೆಟ್ಟೋನು ಅಂತ ನೀನು ತೀರ್ಮಾನ ಮಾಡ್ಕೊಂಡ್ ಬಂದ್ರೆ ಪಾತ್ರ ಅಲ್ಲೇ ಸತ್ತೋಯ್ತು, ಅವ್ನಿಗೆ ಅವ್ನ ನ್ಯಾಯ ಇದೆ, ಅದನ್ನ ಹಿಡ್ಕೊ ಅಂತ.

ತಡ ಆಯ್ತಾ ಅಂದ್ಯಲ್ಲ, ನಮ್ ತಿಪಟೂರಿನ ನರಸಿಂಹರಾಜು ಹುಟ್ಟಿದ್ದು 1923, ಬೇಡರ ಕಣ್ಣಪ್ಪ ಸಿನಿಮಾ ಬಂದಿದ್ದು 1954. ಚಿಕ್ಕ ಹುಡುಗ ಆಗಿದ್ದಾಗಿಂದ ನಾಟಕ ಕಂಪ್ನಿಗಳಲ್ಲಿ ಬೆಳೆದೋರು, ಸಿನಿಮಾಕ್ಕೆ ಬರೋ ಹೊತ್ತಿಗೆ ಮೂವತ್ತಾಗಿತ್ತು. ಆ ಕಂಪ್ನಿ ದಿನಗಳು ಇಲ್ದಿದ್ರೆ ತೆರೆ ಮೇಲೆ ಆ ಟೈಮಿಂಗ್ ಎಲ್ಲಿಂದ ಬರ್ಬೇಕಿತ್ತು. ನೀನಂತೂ ಗುಬ್ಬಿಯೋನು, ವೀರಣ್ಣನೋರ ಊರಿನ ಕಡೆಯೋನು, 1884ರಲ್ಲಿ ಶುರುವಾದ ನಾಟಕ ಕಂಪ್ನಿ ಇದ್ದ ನೆಲ ಅದು.

ಫ್ಲೆಕ್ಸ್ ಡಿಸೈನರ್, ತುಮಕೂರು:

ಎಲ್ರಿಗೂ ತುಂಬಾ ಥ್ಯಾಂಕ್ಸ್. ಆ 16 ವರ್ಷದ ಲೆಕ್ಕ ಓದಿ ಮೊದಲು ಹೆದರಿಕೆ ಆಯ್ತು, ಆಮೇಲೆ ಯಾಕೋ ಧೈರ್ಯ ಬಂತು. ತಗಡಿನ ಶೆಡ್ ಅಂದಿದ್ದು ಮನ್ಸಲ್ಲೇ ಉಳ್ಕೊಂಡಿದೆ. ಮೇಡಂ, ಸಿನಿಮಾ ಸಿಕ್ಕ ಮೇಲೆ ನಾಟಕ ಬಿಟ್ರಾ ಅವ್ರು?

ಇಂಗ್ಲಿಷ್ ಮೇಡಂ, ಕೋಲಾರ:

ಬಿಡ್ಲಿಲ್ಲ. ರಾಬಿನ್ ಹುಡ್ ಸಿನಿಮಾಕ್ಕೆ ಬ್ರಿಟನ್ನಿನ ದೊಡ್ಡ ಸಿನಿಮಾ ಪ್ರಶಸ್ತಿ ಬಾಫ್ಟಾ ಬಂದ ಮೇಲೇನೇ 1992ರಲ್ಲಿ ಲಂಡನ್‌ನಲ್ಲಿ ಹ್ಯಾಮ್ಲೆಟ್ ಆಡಿದ್ರು. 1998ರಲ್ಲಿ ನ್ಯಾಷನಲ್ ಥಿಯೇಟರ್‌ನಲ್ಲಿ ಹೆಲೆನ್ ಮಿರನ್ ಜೊತೆ ಆಂಟನಿ ಅಂಡ್ ಕ್ಲಿಯೋಪಾತ್ರ, ಅದನ್ನ ವಿಮರ್ಶಕರು ಚೆನ್ನಾಗೇ ಬೈದ್ರು, ಆದ್ರೂ ಸ್ಟೇಜಿಗೆ ಬೆನ್ನು ತಿರುಗಿಸ್ಲಿಲ್ಲ. 2001ರಲ್ಲಿ ಮೊದಲ ಹ್ಯಾರಿ ಪಾಟರ್ ಬಂದಾಗ 55 ವಯಸ್ಸು, ಅದೇ ವರ್ಷ ಲಂಡನ್‌ನಲ್ಲಿ ಪ್ರೈವೇಟ್ ಲೈವ್ಸ್ ನಾಟಕ, ಮುಂದಿನ ವರ್ಷ ಅದನ್ನೇ ಬ್ರಾಡ್‌ವೇಗೆ ತಗೊಂಡ್ ಹೋದ್ರು. 2011ರಲ್ಲಿ ಕೊನೇ ಪಾಟರ್ ಬಂದ ವರ್ಷವೂ ಬ್ರಾಡ್‌ವೇ ಸ್ಟೇಜ್ ಮೇಲಿದ್ರು. ಸ್ನೇಪ್ ಕಥೆ ಪೂರ್ತಿ ಪುಸ್ತಕದಲ್ಲಿ ಬರೋಕೆ ವರ್ಷಗಟ್ಲೆ ಮುಂಚೆಯೇ ಅದನ್ನ ಬರೆದ ರೌಲಿಂಗ್ ಇವ್ರೊಬ್ರಿಗೆ ಒಂದು ಗುಟ್ಟಿನ ಸುಳಿವು ಕೊಟ್ಟಿದ್ರು, ಅದನ್ನ ಯಾರ್ಗೂ ಬಿಟ್ಕೊಡ್ದೆ ಒಳಗೇ ಇಟ್ಕೊಂಡು ಆಡಿದಾರೆ. ಈಗ ಮೊದಲ ಪಾಟರ್ ಸಿನಿಮಾ ಮತ್ತೆ ನೋಡು, ಆ ಹುಡುಗ ಹ್ಯಾರೀನ ನೋಡೋ ಕಣ್ಣಲ್ಲೇ ಗೊತ್ತಾಗುತ್ತೆ.

ರಾಡಾಗೆ ವೈಸ್ ಚೇರ್ಮನ್ ಆಗಿ ತಿರುಗಿ ಹೋದ್ರು, ತಾನು ಕಾಗದ ಬರೆದು ಸೀಟು ಕೇಳಿದ ಶಾಲೆಗೇ. ಆಸ್ಕರ್‌ಗೆ ಒಂದ್ಸಲಾನೂ ನಾಮಿನೇಷನ್ ಬರ್ಲಿಲ್ಲ, ನಂಗೆ ಇವತ್ತಿಗೂ ಅದು ಅನ್ಯಾಯ ಅನ್ಸುತ್ತೆ. 2016ರ ಜನವರಿ 14ರಂದು ಕ್ಯಾನ್ಸರ್‌ನಿಂದ ಹೋದ್ರು, 69 ವರ್ಷ ಅಷ್ಟೇ. ಅವತ್ತು ಕ್ಲಾಸಲ್ಲಿ ಪಾಠ ಮಾಡಕ್ಕಾಗ್ಲಿಲ್ಲ ನಂಗೆ, ಮಕ್ಕಳಿಗೆ ಅವ್ರ ಕಥೇನೇ ಹೇಳ್ದೆ.

ಹಾರ್ಮೋನಿ ಮೇಷ್ಟ್ರ ಮಗ, ತಿಪಟೂರು:

ತಮ್ಮಾ, ಹೆಗ್ಗೋಡಿಗೆ ಅರ್ಜಿ ಹಾಕೋದು ಹಾಕು, ಅಲ್ಲೀವರೆಗೆ ಸುಮ್ನೆ ಕೂರ್ಬೇಡ. ನಮ್ಮೂರಲ್ಲಿ ಭಾನುವಾರದಿಂದ ತಾಲೀಮು ಶುರು, ಶಕುನಿಗೆ ಇನ್ನೂ ಯಾರೂ ಸಿಕ್ಕಿಲ್ಲ. ಅಪ್ಪಂಗೆ ಹೇಳಿದೀನಿ, ನಿನ್ನಿಂದ ಪಾತ್ರದ ದುಡ್ಡು ಬೇಡ ಅಂದ್ರು, ಅಂಗಡಿ ಮುಗಿಸ್ಕೊಂಡು ಸಂಜೆ ರೈಲಿಗೆ ಬಂದ್ರೂ ಸಾಕು.

ಫ್ಲೆಕ್ಸ್ ಡಿಸೈನರ್, ತುಮಕೂರು:

ಬರ್ತೀನಣ್ಣ. ಅಮ್ಮಂಗೆ ಈಗಷ್ಟೇ ಹೇಳ್ದೆ, ಏನೂ ಮಾತಾಡ್ಲಿಲ್ಲ, ಒಳಗೆ ಹೋಗಿ ಹೋದ್ ಸಲ ಶಕುನಿಗೆ ಉಟ್ಟಿದ್ ಪಂಚೆ ತೆಗ್ದು ಬಿಸಿಲಿಗೆ ಹಾಕಿದಾರೆ.