ಸಹಾಯ ಬೇಕು: ಲೋರಾ ಬೋರ್ಡಿನ ಮೂಲ ವಿನ್ಯಾಸ ಕಡತಗಳು

ಎಲ್ಲರಿಗೂ ನಮಸ್ಕಾರ. ನಾನು ಕಾಸರಗೋಡಿನ ಪೆರ್ಲದ ಹತ್ತಿರದವನು. ನಮ್ಮ ಸುರಂಗದ (ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಬಿಲ) ನೀರು ಗುಡ್ಡದ ಬುಡದ ಟ್ಯಾಂಕಿಗೆ ಬೀಳುತ್ತದೆ. ಅದರ ಮಟ್ಟ ಅಡಿಕೆ ತೋಟದಾಚೆಯ ಮನೆಯಲ್ಲೇ ತಿಳಿಯಬೇಕು. ಅಲ್ಲಿ ಮೊಬೈಲ್ ಸಿಗ್ನಲ್ ಇಲ್ಲ. ಹಾಗಾಗಿ ಕಡಿಮೆ ವಿದ್ಯುತ್ತಿನಲ್ಲಿ ಸಣ್ಣ ಸಂದೇಶಗಳನ್ನು ದೂರಕ್ಕೆ ಕಳಿಸುವ ಲೋರಾ ರೇಡಿಯೊ ಬಳಸುವ ಯೋಚನೆ.

ಸಿದ್ಧ ಬೋರ್ಡು ಸಿಗುತ್ತದೆ, ನಿಜ. ಆದರೆ ಹಿಂಗಾರಿನ ಸಿಡಿಲು ನಮ್ಮ ಕಡೆ ಯಾವ ಉಪಕರಣವನ್ನೂ ಸುಮ್ಮನೆ ಬಿಡುವುದಿಲ್ಲ. ಸೆನ್ಸರ್ ತಂತಿ ಬೋರ್ಡಿಗೆ ಸೇರುವಲ್ಲೇ ಸರ್ಜ್ (ದಿಢೀರನೆ ಏರುವ ವೋಲ್ಟೇಜ್) ತಡೆಯುವ ಡಯೋಡ್ ಕೂರಿಸಬೇಕು, ಅಂದರೆ ವಿನ್ಯಾಸವನ್ನೇ ತಿದ್ದಬೇಕು. ಹಲವರು ಮುಕ್ತ ಹಾರ್ಡ್‌ವೇರ್ (ಯಾರು ಬೇಕಾದರೂ ತಿದ್ದಿ ಮಾಡಿಕೊಳ್ಳಬಹುದಾದ ವಿನ್ಯಾಸ) ಎಂದು ಹೇಳಿ ಗರ್ಬರ್ ಕಡತ (ಕಾರ್ಖಾನೆಗೆ ಕೊಡುವ, ಬೋರ್ಡಿನ ಪದರಗಳ ಚಿತ್ರ), ಸರ್ಕ್ಯೂಟಿನ ಪಿಡಿಎಫ್ ಇಷ್ಟೇ ಹಾಕುತ್ತಾರೆ. ಗರ್ಬರ್‌ನಿಂದ ಬೋರ್ಡು ಮಾಡಿಸಬಹುದು, ತಿದ್ದುವುದು ಕಷ್ಟ. ಅನ್ನ ಕೊಟ್ಟು ಬಿತ್ತಲು ಹೇಳಿದಂತೆ!

ಬೇಕಿರುವುದು ಬೋರ್ಡು ವಿನ್ಯಾಸದ ಉಚಿತ ತಂತ್ರಾಂಶ ಕೈಕ್ಯಾಡ್‌ನ ಸ್ಕೀಮ್ಯಾಟಿಕ್ (ಸರ್ಕ್ಯೂಟಿನ ನಕ್ಷೆ) ಮತ್ತು ಪಿಸಿಬಿ (ಬೋರ್ಡಿನ ವಿನ್ಯಾಸ) ಕಡತಗಳು, ಬಿಡಿಭಾಗಗಳ ಪಟ್ಟಿ. ಅಂಥದ್ದೇ ಇನ್ನೊಂದು ತಂತ್ರಾಂಶವಾದ ಈಗಲ್‌ನ ಕಡತವಾದರೂ ಆದೀತು, ಕೈಕ್ಯಾಡ್ ಅದನ್ನು ಆಮದು ಮಾಡಿಕೊಳ್ಳುತ್ತದೆ. ಭಾರತದಲ್ಲಿ 865–868 ಮೆಗಾಹರ್ಟ್ಸ್ ರೇಡಿಯೊ ಆವರ್ತನಕ್ಕೆ ಪ್ರತ್ಯೇಕ ಪರವಾನಗಿ ಬೇಡ. ಆದ್ದರಿಂದ ಯುರೋಪಿನ 868ರ ವಿನ್ಯಾಸ ಹೊಂದುತ್ತದೆ, 433ರದು ಬೇಡ. ವಿನ್ಯಾಸವನ್ನು ಬಳಸಲು, ಹಂಚಲು ಬಿಡುವ ಸರ್ನ್ ಸಂಶೋಧನಾ ಸಂಸ್ಥೆಯ ಮುಕ್ತ ಹಾರ್ಡ್‌ವೇರ್ ಪರವಾನಗಿಯಂಥದ್ದು ಜೊತೆಗಿದ್ದರೆ ಒಳ್ಳೆಯದು, ನೆರೆಯ ತೋಟದವರಿಗೂ ಮಾಡಿಕೊಡಬಹುದು.

ಇಂಥ ಕಡತಗಳ ಕೊಂಡಿ ಇದ್ದವರು ದಯವಿಟ್ಟು ಹಾಕಿ. ಪುತ್ತೂರು, ಕಾಸರಗೋಡು ಕಡೆ ಸಣ್ಣ ಎಸ್‌ಎಂಡಿ (ಬೋರ್ಡಿನ ಮೇಲ್ಮೈಗೇ ಕೂರುವ) ಭಾಗಗಳನ್ನು ಬೆಸೆದು ಕೊಡುವವರಿದ್ದರೆ ಅದನ್ನೂ ತಿಳಿಸಿ.